ಆಪ್ಷನ್ ಒಪ್ಪಂದಗಳು ಹುಟ್ಟುವುದು ಎಲ್ಲಿ? ಷೇರುಗಳಿಗಿಂತ ನೂರಾರು ಪಟ್ಟು ದೊಡ್ಡದಾದ ಪೇಟೆಯ ಒಳಗಿನ ಲೆಕ್ಕ

2025ರ ಜುಲೈ 3ರಂದು ಷೇರುಪೇಟೆಯ ನಿಯಂತ್ರಕ ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಎಂಬ ಟ್ರೇಡಿಂಗ್ ಸಂಸ್ಥೆಯ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಅಕ್ರಮವಾಗಿ ಗಳಿಸಿದ್ದು ಎಂದು ಆರೋಪಿಸಿ 4,843 ಕೋಟಿ ರೂಪಾಯಿ ಕಟ್ಟಿಡಲು ಹೇಳಿತು. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಈ ಮೊತ್ತ. ಆದರೆ ಓದುಗರನ್ನು ಜಾಸ್ತಿ ಗೊಂದಲಕ್ಕೆ ತಳ್ಳಿದ್ದು ಅದೇ ಆದೇಶದಲ್ಲಿದ್ದ ಇನ್ನೊಂದು ಸಂಖ್ಯೆ. 2024ರ ಜನವರಿ 17ರಂದು ಬ್ಯಾಂಕ್ ನಿಫ್ಟಿ ಆಪ್ಷನ್‌ಗಳಲ್ಲಿ ನಡೆದ ವಹಿವಾಟು, ಆ ಸೂಚ್ಯಂಕದಲ್ಲಿರುವ ಬ್ಯಾಂಕ್ ಷೇರುಗಳಲ್ಲಿ ನಡೆದ ವಹಿವಾಟಿನ 353 ಪಟ್ಟು ಇತ್ತಂತೆ.

ಆಗ ಬ್ಯಾಂಕ್ ನಿಫ್ಟಿಯಲ್ಲಿದ್ದದ್ದು 12 ಬ್ಯಾಂಕುಗಳು. ಆ ಬ್ಯಾಂಕುಗಳ ಷೇರುಗಳಿಗೆ ಒಂದು ಎಣಿಕೆ ಇದೆ. ಹಾಗಿದ್ದರೆ ಅವುಗಳ ಮೇಲೆ ನಿಂತ ಆಪ್ಷನ್‌ಗಳು ಇಷ್ಟೊಂದು ಬಂದದ್ದು ಎಲ್ಲಿಂದ? ಯಾರು ಇವನ್ನು ತಯಾರಿಸುತ್ತಾರೆ? ಎಷ್ಟು ತಯಾರಿಸಬಹುದು ಎಂದು ಯಾರು ಹೇಳುತ್ತಾರೆ? ಷೇರುಪೇಟೆಗೆ ಹೊಸಬರು ಕೇಳುವ ಈ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಇದಕ್ಕೆ ಉತ್ತರ ತಿಳಿದರೆ, ಲಾಟ್ (ಒಂದು ಒಪ್ಪಂದದ ಕಟ್ಟು) ಗಾತ್ರ ಹೆಚ್ಚಿಸಿದ್ದು, ಎಕ್ಸ್‌ಪೈರಿ (ಒಪ್ಪಂದ ಮುಗಿಯುವ) ದಿನ ಬದಲಾಯಿಸಿದ್ದು, ಮಾರ್ಜಿನ್ ಎಂಬ ಭದ್ರತಾ ಠೇವಣಿ ಬಿಗಿ ಮಾಡಿದ್ದು ಎಲ್ಲ ಯಾಕೆ ಎಂದು ತಾನಾಗಿಯೇ ಅರ್ಥವಾಗುತ್ತದೆ.

ಆಪ್ಷನ್ ಅಂದರೆ ಎಂಥ ಕರಾರು

ಸೈಟು ಕೊಳ್ಳುವವರು ಅಗ್ರಿಮೆಂಟ್ ಮಾಡಿಕೊಳ್ಳುತ್ತಾರಲ್ಲ, ಅಲ್ಲಿಂದ ಶುರು ಮಾಡೋಣ. ಮೂರು ತಿಂಗಳೊಳಗೆ 40 ಲಕ್ಷಕ್ಕೆ ಸೈಟು ಕೊಡುತ್ತೇನೆ ಎಂದು ಮಾಲೀಕರು ಬರೆದುಕೊಡುತ್ತಾರೆ. ಕೊಳ್ಳುವವರು ಒಂದು ಲಕ್ಷ ಟೋಕನ್ ಕೊಡುತ್ತಾರೆ. ಮೂರು ತಿಂಗಳಲ್ಲಿ ಸೈಟಿನ ಬೆಲೆ 45 ಲಕ್ಷಕ್ಕೆ ಏರಿದರೂ ಇವರಿಗೆ 40ಕ್ಕೇ ಸಿಗಬೇಕು. 35ಕ್ಕೆ ಇಳಿದರೆ ಇವರು ಟೋಕನ್ ಬಿಟ್ಟು ಸುಮ್ನೆ ಎದ್ದು ಬರಬಹುದು.

ಕಾಲ್ ಆಪ್ಷನ್ ಹೆಚ್ಚುಕಡಿಮೆ ಇದೇ. ಗೊತ್ತಾದ ಬೆಲೆಗೆ, ಗೊತ್ತಾದ ದಿನ ಕೊಳ್ಳುವ ಹಕ್ಕು ಅದು. ಹಕ್ಕು ಮಾತ್ರ, ಕೊಳ್ಳಲೇಬೇಕು ಎಂಬ ಕಟ್ಟುಪಾಡಿಲ್ಲ. ಆ ಗೊತ್ತಾದ ಬೆಲೆಯೇ ಸ್ಟ್ರೈಕ್, ಕೊನೆಯ ದಿನವೇ ಎಕ್ಸ್‌ಪೈರಿ, ಟೋಕನ್ ಹಣವೇ ಪ್ರೀಮಿಯಂ. ಮಾರುವ ಹಕ್ಕಾದರೆ ಅದು ಪುಟ್ ಆಪ್ಷನ್.

ಆದರೆ ಎರಡು ಕಡೆ ಸೈಟಿಗೂ ಆಪ್ಷನ್‌ಗೂ ಹೊಂದುವುದಿಲ್ಲ. ಸೈಟಿನ ಟೋಕನ್ ಕೊನೆಗೆ ಬೆಲೆಯಲ್ಲಿ ವಜಾ ಆಗುತ್ತದೆ. ಆಪ್ಷನ್ ಪ್ರೀಮಿಯಂ ಹಾಗಲ್ಲ, ಕೊಟ್ಟ ಹಣ ಕೊಟ್ಟದ್ದೇ, ಅದು ಮಾರಿದವರ ಪಾಲು. ಎರಡನೆಯದು ಇನ್ನೂ ಮುಖ್ಯ. ಸೈಟು ಮಾರಲು ಅಗ್ರಿಮೆಂಟ್ ಬರೆದುಕೊಡುವವರ ಹೆಸರಲ್ಲಿ ಸೈಟು ಇರಬೇಕು. ಆಪ್ಷನ್ ಮಾರುವವರ ಡಿಮ್ಯಾಟ್ ಖಾತೆಯಲ್ಲಿ ಆ ಷೇರು ಇರಲೇಬೇಕು ಎಂದೇನಿಲ್ಲ. ಷೇರುಗಳ ಎಣಿಕೆಗೂ ಆಪ್ಷನ್‌ಗಳ ಎಣಿಕೆಗೂ ನಂಟು ಕಳಚಿಕೊಳ್ಳುವುದು ಸರಿಯಾಗಿ ಇಲ್ಲೇ.

ಕಂಪನಿಗೂ ಇದಕ್ಕೂ ಸಂಬಂಧವಿಲ್ಲ

ಇನ್ಫೋಸಿಸ್ ಉದಾಹರಣೆ ತೆಗೆದುಕೊಳ್ಳೋಣ. ಕಂಪನಿಯ ಷೇರುಗಳು 400 ಕೋಟಿಗೂ ಹೆಚ್ಚು. ಹೊಸ ಷೇರು ಕೊಡಬೇಕಾದರೆ ಆಡಳಿತ ಮಂಡಳಿ ತೀರ್ಮಾನಿಸಬೇಕು, ಷೇರುದಾರರ ಒಪ್ಪಿಗೆ ಬೇಕು. ಆದರೆ ಎನ್‌ಎಸ್‌ಇ ಎಂಬ ಷೇರು ಎಕ್ಸ್‌ಚೇಂಜ್‌ನಲ್ಲಿ ಓಡಾಡುವ ಇನ್ಫೋಸಿಸ್ ಆಪ್ಷನ್‌ಗಳಿಗೆ ಕಂಪನಿ ಸಹಿ ಹಾಕುವುದಿಲ್ಲ. ಅದರಿಂದ ಕಂಪನಿಗೆ ಒಂದು ರೂಪಾಯಿಯೂ ಬರುವುದಿಲ್ಲ, ಹೋಗುವುದೂ ಇಲ್ಲ. ಇವತ್ತು ಎಷ್ಟು ಆಪ್ಷನ್ ಹುಟ್ಟಿದವು ಎಂಬುದು ಕಂಪನಿಯ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಬೆಂಗಳೂರಿನ ಐಟಿ ಮಂದಿಗೆ ಇಲ್ಲಿ ಗೊಂದಲ ಆಗುವುದು ಸಹಜ. ಯಾಕೆಂದರೆ ಅವರು ಮೊದಲು ಕಂಡದ್ದು ಕಂಪನಿಯೇ ನೌಕರರಿಗೆ ಕೊಡುವ ಈಸಾಪ್. ಇನ್ಫೋಸಿಸ್ 1990ರ ದಶಕದಲ್ಲೇ ಅದನ್ನು ಕೊಟ್ಟಿತ್ತು. ಅಲ್ಲಿ ಕೊಡುವವರು ಕಂಪನಿ. ನೌಕರರು ಹಕ್ಕು ಚಲಾಯಿಸಿದಾಗ ಸಾಮಾನ್ಯವಾಗಿ ಹೊಸ ಷೇರು ಹುಟ್ಟುತ್ತದೆ, ಅಥವಾ ಅದಕ್ಕಾಗಿ ಟ್ರಸ್ಟ್‌ನಲ್ಲಿ ಇಟ್ಟ ಷೇರು ಕೈಬದಲಾಗುತ್ತದೆ. ಅದನ್ನು ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಪೇಟೆಯ ಆಪ್ಷನ್ ಇಬ್ಬರು ಹೊರಗಿನವರ ನಡುವಿನ ಕರಾರು. ಅದು ಹುಟ್ಟಿದರೂ ಸತ್ತರೂ ಇನ್ಫೋಸಿಸ್ ಷೇರುಗಳ ಎಣಿಕೆ ಒಂದೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ.

ಎಕ್ಸ್‌ಚೇಂಜ್ ಕೊಡುವುದು ಖಾಲಿ ನಮೂನೆ

ಕಂಪನಿ ಅಲ್ಲದಿದ್ದರೆ ಎಕ್ಸ್‌ಚೇಂಜ್ ತಯಾರಿಸುತ್ತದಾ? ಅದೂ ಇಲ್ಲ. ಎಕ್ಸ್‌ಚೇಂಜ್ ಮಾಡುವುದು ನಮೂನೆಯನ್ನು ಸಿದ್ಧಪಡಿಸುವ ಕೆಲಸ. ಯಾವ ಷೇರು, ಕಾಲ್ ಅಥವಾ ಪುಟ್, ಸ್ಟ್ರೈಕ್ ಎಷ್ಟು, ಯಾವ ದಿನ ಮುಗಿಯುತ್ತದೆ, ಒಂದು ಲಾಟ್‌ನಲ್ಲಿ ಎಷ್ಟು ಷೇರು: ಇಷ್ಟನ್ನು ನಿಗದಿ ಮಾಡಿ ಪರದೆಯ ಮೇಲೆ ಹಾಕುತ್ತದೆ. ಷೇರಿನ ಬೆಲೆ ಏರಿಳಿದಂತೆ ಮೇಲೆ ಕೆಳಗೆ ಹೊಸ ಸ್ಟ್ರೈಕ್‌ಗಳನ್ನು ಸೇರಿಸುತ್ತದೆ. ಒಂದು ಎಕ್ಸ್‌ಪೈರಿ ಮುಗಿದರೆ ಮುಂದಿನದನ್ನು ತೆರೆಯುತ್ತದೆ.

ಹೊಸ ಸರಣಿ ತೆರೆದ ದಿನ ಆಪ್ಷನ್ ಚೈನ್ (ಎಲ್ಲ ಸ್ಟ್ರೈಕ್‌ಗಳ ಪಟ್ಟಿ) ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಈಗಿನ ಬೆಲೆಯಿಂದ ದೂರದ ಸ್ಟ್ರೈಕ್‌ಗಳ ಸಾಲಿನಲ್ಲಿ ಓಪನ್ ಇಂಟರೆಸ್ಟ್ (ಇನ್ನೂ ಮುಗಿಯದೆ ಉಳಿದ ಒಪ್ಪಂದಗಳ ಎಣಿಕೆ) ಸೊನ್ನೆ ಎಂದಿರುತ್ತದೆ, ಇಲ್ಲವೇ ಬರೀ ಗೆರೆ ಇರುತ್ತದೆ. ಸ್ಟ್ರೈಕ್ ಇದೆ, ದಿನಾಂಕ ಇದೆ, ಆದರೆ ಒಪ್ಪಂದ ಒಂದೂ ಇಲ್ಲ. ಕಂಪನಿ ಮೊದಲ ಸಲ ಷೇರು ಮಾರುವ ಐಪಿಒದಲ್ಲಿ ಇಷ್ಟು ಷೇರು ಎಂದು ಮೊದಲೇ ಹೇಳುವ ಹಾಗೆ, ಇಲ್ಲಿ ಇಷ್ಟು ಆಪ್ಷನ್ ಎಂದು ಯಾರೂ ಹೇಳುವುದಿಲ್ಲ. ಎಕ್ಸ್‌ಚೇಂಜ್ ಬಳಿ ಮಾರಲು ದಾಸ್ತಾನು ಎನ್ನುವುದೇ ಇಲ್ಲ.

ಹುಟ್ಟುವ ಕ್ಷಣ

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಇನ್ಫೋಸಿಸ್, ಸ್ಟ್ರೈಕ್ 1,500, ಕಾಲ್, ಲಾಟ್ 400 ಷೇರು. ಓಪನ್ ಇಂಟರೆಸ್ಟ್ ಸೊನ್ನೆ ಎಂದಿಟ್ಟುಕೊಳ್ಳಿ. ಬೆಲೆಗಳು ಲೆಕ್ಕಕ್ಕಾಗಿ ಮಾತ್ರ.

ಹುಬ್ಬಳ್ಳಿಯಲ್ಲಿ ಕೂತ ಒಬ್ಬರಿಗೆ ಷೇರು ಏರುತ್ತದೆ ಎನ್ನಿಸುತ್ತದೆ. ಷೇರಿಗೆ 30 ರೂಪಾಯಿಯಂತೆ ಒಂದು ಲಾಟ್ ಕಾಲ್ ಕೊಳ್ಳಲು ಆರ್ಡರ್ ಹಾಕುತ್ತಾರೆ. 400 ಗುಣಿಸು 30, ಅಂದರೆ 12,000 ರೂಪಾಯಿ. ಸೂರತ್‌ನಲ್ಲಿ ಇನ್ನೊಬ್ಬರಿಗೆ ಈ ತಿಂಗಳು ಷೇರು 1,500 ದಾಟಲಿಕ್ಕಿಲ್ಲ ಎನ್ನಿಸುತ್ತದೆ. ಅವರು ಅದೇ ಕಾಲ್ ಅನ್ನು 30 ರೂಪಾಯಿಗೆ ಮಾರಲು ಆರ್ಡರ್ ಹಾಕುತ್ತಾರೆ. ಅವರ ಬಳಿ ಆ ಕಾಲ್ ಮೊದಲೇ ಇರಲಿಲ್ಲ. ಇರಬೇಕಾಗಿಯೂ ಇಲ್ಲ. ಮಾರುವುದು ಅಂದರೆ ಇಲ್ಲಿ ಮಾತು ಕೊಡುವುದು. ಪೇಟೆಯವರು ಇದನ್ನು ಆಪ್ಷನ್ ಬರೆಯುವುದು ಎನ್ನುತ್ತಾರೆ.

ಎಕ್ಸ್‌ಚೇಂಜ್‌ನ ಕಂಪ್ಯೂಟರ್ ಈ ಎರಡು ಆರ್ಡರ್‌ಗಳನ್ನು ಜೋಡಿಸಿದ ಆ ಕ್ಷಣಕ್ಕೆ ಒಪ್ಪಂದ ಹುಟ್ಟಿತು. ಅದಕ್ಕೆ ಒಂದು ಸೆಕೆಂಡ್ ಮೊದಲು ಅದು ಎಲ್ಲೂ ಇರಲಿಲ್ಲ. ಓಪನ್ ಇಂಟರೆಸ್ಟ್ ಸೊನ್ನೆಯಿಂದ ಒಂದಾಯಿತು. ಹುಬ್ಬಳ್ಳಿಯವರ 12,000 ರೂಪಾಯಿ ಸೂರತ್‌ನವರ ಖಾತೆಗೆ ಸೇರುತ್ತದೆ.

ಆದರೆ ಸೂರತ್‌ನವರು ಆ ಹಣ ತೆಗೆದುಕೊಂಡು ನಿಶ್ಚಿಂತೆಯಿಂದ ಇರಲು ಬಿಡುವುದಿಲ್ಲ. ಷೇರು 1,700ಕ್ಕೆ ಏರಿದರೆ ಪ್ರತಿ ಷೇರಿಗೆ 200 ರೂಪಾಯಿ, 400 ಷೇರಿಗೆ 80,000 ರೂಪಾಯಿ ಅವರ ತಲೆ ಮೇಲೆ ಬರುತ್ತದೆ. ಬಂದ ಪ್ರೀಮಿಯಂ 12,000 ಕಳೆದರೂ 68,000 ನಷ್ಟ. ಷೇರು ಎಷ್ಟು ಏರುತ್ತದೆ ಎಂಬುದಕ್ಕೆ ಮೇಲ್ಮಿತಿ ಇಲ್ಲ, ಹಾಗಾಗಿ ಕಾಲ್ ಬರೆದವರ ನಷ್ಟಕ್ಕೂ ಮೇಲ್ಮಿತಿ ಇಲ್ಲ. ಆದ್ದರಿಂದ ಅವರು ಮಾರ್ಜಿನ್ ಕಟ್ಟಬೇಕು. ಆರು ಲಕ್ಷ ಮೌಲ್ಯದ ಇಂಥ ಒಂದು ಲಾಟ್‌ಗೆ ಅದು ಲಕ್ಷ ರೂಪಾಯಿ ಆಸುಪಾಸು ಆಗುತ್ತದೆ. ಷೇರು ಏರಿದಂತೆ ಇನ್ನಷ್ಟು ಕೇಳುತ್ತಾರೆ.

ಕೊಳ್ಳುವವರ ಜೇಬಿನಿಂದ 12,000, ಬರೆಯುವವರ ಜೇಬಿನಿಂದ ಲಕ್ಷ. ಈ ಅಂತರವನ್ನು ಹೊಸಬರು ಚೆನ್ನಾಗಿ ಗಮನಿಸಬೇಕು. ಆಪ್ಷನ್ ಕೊಳ್ಳಲು ಕಡಿಮೆ ಹಣ ಸಾಕು ಎಂದು ಸಣ್ಣವರು ಆ ಕಡೆ ಗುಂಪುಗೂಡುತ್ತಾರೆ. ಬರೆಯಲು ದೊಡ್ಡ ಬಂಡವಾಳ ಬೇಕು ಎಂಬ ಕಾರಣಕ್ಕೆ ಎದುರು ಕಡೆ ದೊಡ್ಡ ಸಂಸ್ಥೆಗಳು ಜಾಸ್ತಿ ಸೇರುತ್ತವೆ.

ನಡುವೆ ನಿಲ್ಲುವ ಸಂಸ್ಥೆ

ಹುಬ್ಬಳ್ಳಿಯವರಿಗೆ ಸೂರತ್‌ನವರು ಯಾರು ಎಂದೇ ಗೊತ್ತಿಲ್ಲ. ಅವರು ಮಾತು ತಪ್ಪಿದರೆ? ಇದಕ್ಕಾಗಿಯೇ ಕ್ಲಿಯರಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಇದೆ. ಆರ್ಡರ್‌ಗಳು ಜೋಡಿಯಾದ ಮೇಲೆ ಅದು ನಡುವೆ ಬಂದು ನಿಲ್ಲುತ್ತದೆ. ಕೊಂಡವರಿಗೆ ಅದೇ ಮಾರಿದವರು, ಮಾರಿದವರಿಗೆ ಅದೇ ಕೊಂಡವರು. ಒಂದು ಕರಾರು ಹೀಗೆ ಎರಡಾಗಿ ಒಡೆಯುತ್ತದೆ, ಎರಡರಲ್ಲೂ ಒಂದು ಕಡೆ ಕ್ಲಿಯರಿಂಗ್ ಕಾರ್ಪೊರೇಷನ್ ಇರುತ್ತದೆ. ಸೂರತ್‌ನವರು ಕೈ ಎತ್ತಿದರೂ ಹುಬ್ಬಳ್ಳಿಯವರಿಗೆ ಸಿಗಬೇಕಾದದ್ದು ಸಿಗುತ್ತದೆ. ಮಾರ್ಜಿನ್ ಕೇಳುವುದು ಈ ಹೊಣೆ ಹೊತ್ತವರು.

ಇದು ಬರೀ ಅನುಕೂಲದ ಏರ್ಪಾಡಲ್ಲ. ಮಾನ್ಯತೆ ಇರುವ ಎಕ್ಸ್‌ಚೇಂಜ್‌ನಲ್ಲಿ ವಹಿವಾಟಾಗಿ, ಅದರ ಕ್ಲಿಯರಿಂಗ್ ವ್ಯವಸ್ಥೆಯಲ್ಲಿ ಇತ್ಯರ್ಥವಾದ ಡೆರಿವೇಟಿವ್ (ಷೇರಿನಂಥ ಇನ್ನೊಂದರ ಬೆಲೆಯ ಮೇಲೆ ನಿಂತ) ಒಪ್ಪಂದಕ್ಕೆ ನಮ್ಮ ಕಾನೂನು ಮಾನ್ಯತೆ ಕೊಡುತ್ತದೆ. ವಾಟ್ಸಾಪ್‌ನಲ್ಲಿ ಇಬ್ಬರು ಮಾತಾಡಿಕೊಂಡು ಷೇರು ಆಪ್ಷನ್ ಮಾಡಿಕೊಂಡರೆ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಎಕ್ಸ್‌ಚೇಂಜ್‌ನ ಹೊರಗೆ ಕದ್ದು ನಡೆಸುವ ಡಬ್ಬಾ ಟ್ರೇಡಿಂಗ್ ಅಪಾಯವಾಗುವುದು ಇದರಿಂದಲೇ. ಅಲ್ಲಿ ಎದುರು ಇರುವುದು ಡಬ್ಬಾ ನಡೆಸುವವನೊಬ್ಬನೇ, ಗೆದ್ದ ಹಣ ಕೊಡದಿದ್ದರೆ ಕೇಳಲು ಜಾಗ ಇಲ್ಲ.

ಹೊಸದು, ಕೈಬದಲು, ಸಾವು

ಹುಟ್ಟಿದ ಒಪ್ಪಂದ ಮುಂದೇನಾಗುತ್ತದೆ? ಮರುದಿನ ಪ್ರೀಮಿಯಂ 40ಕ್ಕೆ ಏರಿತು. ಹುಬ್ಬಳ್ಳಿಯವರು ಲಾಭ ತೆಗೆದುಕೊಂಡು ಮೈಸೂರಿನ ಒಬ್ಬರಿಗೆ ಮಾರಿದರು. ಹೊಸ ಒಪ್ಪಂದ ಹುಟ್ಟಿತಾ? ಇಲ್ಲ. ಇದ್ದದ್ದೇ ಕೈ ಬದಲಾಯಿತು. ಓಪನ್ ಇಂಟರೆಸ್ಟ್ ಒಂದೇ ಉಳಿಯಿತು. ಆದರೆ ವಹಿವಾಟಿನ ಎಣಿಕೆ ಈಗ ಎರಡು. ಸಂಜೆ ಹೊತ್ತಿಗೆ ಸೂರತ್‌ನವರು ನಷ್ಟ ಸಾಕು ಎಂದು ಅದೇ ಕಾಲ್ ಅನ್ನು ಮರಳಿ ಕೊಳ್ಳಲು ಹೋದರು, ಮೈಸೂರಿನವರು ಮಾರಿದರು. ಬರೆದವರೂ ಹೊರಗೆ, ಹಿಡಿದವರೂ ಹೊರಗೆ. ಒಪ್ಪಂದ ಸತ್ತಿತು. ಓಪನ್ ಇಂಟರೆಸ್ಟ್ ಮತ್ತೆ ಸೊನ್ನೆ, ವಹಿವಾಟಿನ ಎಣಿಕೆ ಮಾತ್ರ ಮೂರು.

ಇಬ್ಬರೂ ಹೊಸಬರಾದರೆ ಹುಟ್ಟು, ಒಬ್ಬರು ಬಂದು ಒಬ್ಬರು ಹೋದರೆ ಕೈಬದಲು, ಇಬ್ಬರೂ ಹೊರಟರೆ ಸಾವು. ಉಳಿದವು ಎಕ್ಸ್‌ಪೈರಿ ದಿನ ಮುಗಿಯುತ್ತವೆ.

ಒಂದೇ ಒಪ್ಪಂದ ಹೀಗೆ ದಿನಕ್ಕೆ ಹತ್ತಾರು ಬಾರಿ ಕೈ ಬದಲಾಯಿಸಬಹುದು. ಅದಕ್ಕೇ ವಹಿವಾಟಿನ ಸಂಖ್ಯೆ ಅಷ್ಟು ಊದಿಕೊಳ್ಳುತ್ತದೆ. ಪತ್ರಿಕೆಗಳಲ್ಲಿ ಬರುವ ‘ಲಕ್ಷ ಕೋಟಿ’ ವಹಿವಾಟಿನ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ. ಅಲ್ಲಿ ಹೆಚ್ಚಾಗಿ ಒಪ್ಪಂದದ ಪೂರ್ತಿ ಮೌಲ್ಯವನ್ನು ಎಣಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಕೈ ಬದಲಾದದ್ದು 12,000, ಲೆಕ್ಕಕ್ಕೆ ಬರುವುದು ಆರು ಲಕ್ಷ. ಸೆಬಿ ಹೇಳಿದ 353 ಪಟ್ಟು ಇಂಥ ಊದಿದ ಲೆಕ್ಕವಲ್ಲ. ಆಪ್ಷನ್‌ಗಳನ್ನು ಷೇರಿನ ವಹಿವಾಟಿಗೆ ಸಮನಾಗಿಸಿ ಹಾಕಿದ ಲೆಕ್ಕ ಅದು. ಹಾಗಾಗಿಯೇ ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಹಿಂದೆ ಇದು ನಿಷೇಧವಾಗಿತ್ತು

ಮುಂಬೈ ಷೇರು ಬಜಾರು, ಹತ್ತಿ ಬಜಾರುಗಳಲ್ಲಿ ತೇಜಿ-ಮಂದಿ ಹೆಸರಿನಲ್ಲಿ ಆಪ್ಷನ್ ವ್ಯವಹಾರ ಬಹಳ ಹಿಂದೆಯೇ ಇತ್ತು. ಅದು ಜೂಜಿಗೆ ದಾರಿ ಎಂದು 1956ರ ಷೇರು ಒಪ್ಪಂದ ಕಾಯ್ದೆ ಆಪ್ಷನ್‌ಗಳನ್ನು ನಿಷೇಧಿಸಿತು. ಸುಮಾರು ನಾಲ್ಕು ದಶಕ ಹಾಗೇ ಇತ್ತು. ಅಮೆರಿಕದಲ್ಲಿ 1973ರ ಏಪ್ರಿಲ್‌ನಲ್ಲಿ ಶಿಕಾಗೋದ ಎಕ್ಸ್‌ಚೇಂಜ್ ಒಂದೇ ನಮೂನೆಯ ಆಪ್ಷನ್‌ಗಳನ್ನು 16 ಕಂಪನಿಗಳ ಮೇಲೆ ಶುರು ಮಾಡಿತು. ಮೊದಲ ದಿನ ನಡೆದದ್ದು 911 ಒಪ್ಪಂದಗಳ ವಹಿವಾಟು. ಅದಕ್ಕೂ ಮೊದಲು ಅಲ್ಲಿಯೂ ಕೊಳ್ಳುವವರನ್ನೂ ಬರೆಯುವವರನ್ನೂ ದಲ್ಲಾಳಿಗಳು ಒಬ್ಬೊಬ್ಬರನ್ನಾಗಿ ಹುಡುಕಿ ಜೋಡಿಸಬೇಕಿತ್ತು. ಪ್ರತಿ ಕರಾರಿನ ಷರತ್ತು ಬೇರೆ ಬೇರೆ ಇರುತ್ತಿತ್ತು, ಹಾಗಾಗಿ ಮಧ್ಯದಲ್ಲಿ ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ನಮೂನೆ ಒಂದೇ ಆದ ಮೇಲೆ, ನಡುವೆ ಖಾತರಿ ಕೊಡುವವರು ನಿಂತ ಮೇಲೆ, ಈ ಪೇಟೆ ಬೆಳೆಯಿತು.

ಭಾರತದಲ್ಲಿ 1995ರಲ್ಲಿ ನಿಷೇಧ ತೆಗೆದರು. ಎಲ್.ಸಿ. ಗುಪ್ತಾ ಸಮಿತಿ 1998ರಲ್ಲಿ ವರದಿ ಕೊಟ್ಟಿತು. 1999ರ ತಿದ್ದುಪಡಿ ಡೆರಿವೇಟಿವ್‌ಗಳಿಗೆ ಕಾನೂನಿನ ನೆಲೆ ಕೊಟ್ಟಿತು. 2000ದ ಜೂನ್‌ನಲ್ಲಿ ಸೂಚ್ಯಂಕ ಫ್ಯೂಚರ್ಸ್ (ಮುಂದಿನ ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ, ಇಬ್ಬರೂ ಪಾಲಿಸಲೇಬೇಕಾದ ಕರಾರು), 2001ರ ಜೂನ್‌ನಲ್ಲಿ ಸೂಚ್ಯಂಕ ಆಪ್ಷನ್, ಜುಲೈನಲ್ಲಿ ಷೇರು ಆಪ್ಷನ್ ಬಂದವು. ಅಂದಿನ ಉದ್ದೇಶ ಷೇರು ಇಟ್ಟುಕೊಂಡವರಿಗೆ ಬೆಲೆ ಕುಸಿತದಿಂದ ರಕ್ಷಣೆ. ಆ ಉದ್ದೇಶ ಇವತ್ತಿಗೂ ಸುಳ್ಳಲ್ಲ. ಷೇರು ಇರುವವರು ಪುಟ್ ಕೊಂಡರೆ ಅದು ವಿಮೆಯ ಕೆಲಸ ಮಾಡುತ್ತದೆ.

ವಾರದ ಎಕ್ಸ್‌ಪೈರಿ ಬಂದ ಮೇಲೆ

ಪೇಟೆಯ ಚಹರೆ ಬದಲಾದದ್ದು 2016ರ ನಂತರ. ಆ ವರ್ಷ ಬ್ಯಾಂಕ್ ನಿಫ್ಟಿಗೆ ವಾರದ ಆಪ್ಷನ್ ಬಂತು. 2019ರಲ್ಲಿ ನಿಫ್ಟಿಗೂ ಬಂತು. ಒಂದು ಹಂತದಲ್ಲಿ ವಾರದ ಐದೂ ದಿನ ಯಾವುದಾದರೊಂದು ಸೂಚ್ಯಂಕದ ಎಕ್ಸ್‌ಪೈರಿ ಇರುತ್ತಿತ್ತು. ಬುಧವಾರ ಬ್ಯಾಂಕ್ ನಿಫ್ಟಿ, ಗುರುವಾರ ನಿಫ್ಟಿ, ಶುಕ್ರವಾರ ಸೆನ್ಸೆಕ್ಸ್, ಹೀಗೆ.

ಇದರಿಂದ ಒಪ್ಪಂದಗಳ ಹುಟ್ಟು ಯಾಕೆ ಹೆಚ್ಚಿತು? ಉಳಿದಿರುವ ದಿನ ಕಡಿಮೆಯಾದಷ್ಟೂ ಪ್ರೀಮಿಯಂ ಕಡಿಮೆ. ತಿಂಗಳ ಆಪ್ಷನ್‌ಗೆ ನೂರಾರು ರೂಪಾಯಿ ಕೊಡಬೇಕಾದ ಕಡೆ, ಎಕ್ಸ್‌ಪೈರಿ ದಿನ ಮಧ್ಯಾಹ್ನ ಐದು ಹತ್ತು ರೂಪಾಯಿಗೆ ಸಿಗುತ್ತದೆ. ಕೆಲವೇ ಸಾವಿರ ಇದ್ದವರೂ ನಾಲ್ಕೈದು ಲಾಟ್ ಕೊಳ್ಳಬಹುದು. ಇತ್ತ ಬರೆಯುವವರಿಗೂ ಆಸೆ, ಯಾಕೆಂದರೆ ಕೆಲವೇ ಗಂಟೆಗಳಲ್ಲಿ ಆ ಪ್ರೀಮಿಯಂ ಕರಗಿ ಅವರ ಲಾಭವಾಗುವ ಸಾಧ್ಯತೆ ಜಾಸ್ತಿ. ಎರಡೂ ಕಡೆಯವರು ಒಟ್ಟಿಗೆ ಸೇರಿದರೆ ಒಪ್ಪಂದಗಳು ಹುಟ್ಟುತ್ತಲೇ ಇರುತ್ತವೆ. ಬೆಳಿಗ್ಗೆ ಹುಟ್ಟಿ ಸಂಜೆ ಮೂರೂವರೆಗೆ ಸಾಯುವ ಒಪ್ಪಂದಗಳು ಇವು. ಷೇರಿನ ರಕ್ಷಣೆಗೂ ಇವಕ್ಕೂ ನಂಟು ತೀರಾ ತೆಳು ಎನ್ನದೆ ವಿಧಿಯಿಲ್ಲ. 2019ರಿಂದ ಒಪ್ಪಂದಗಳ ಸಂಖ್ಯೆಯಲ್ಲಿ ಎನ್‌ಎಸ್‌ಇ ಜಗತ್ತಿನಲ್ಲೇ ಅತಿ ದೊಡ್ಡ ಡೆರಿವೇಟಿವ್ ಎಕ್ಸ್‌ಚೇಂಜ್ ಆಗಿರುವುದರ ಹಿಂದೆ ಈ ವಾರದ ಆಪ್ಷನ್‌ಗಳ ಪಾಲು ದೊಡ್ಡದು.

ಯಾರು ಗೆದ್ದರು, ಯಾರು ಸೋತರು

ಆಪ್ಷನ್‌ನಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಅದರ ಮೇಲೆ ಬ್ರೋಕರೇಜ್, ತೆರಿಗೆ, ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆಯಿಂದ ಹೋಗುತ್ತವೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ವ್ಯವಹರಿಸಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023-24ರಲ್ಲಿ ಇಳಿದವರಲ್ಲಿ ಮುಕ್ಕಾಲು ಪಾಲು ಜನ ವರ್ಷದ ಆದಾಯ ಐದು ಲಕ್ಷಕ್ಕಿಂತ ಕಡಿಮೆ ಎಂದು ಹೇಳಿಕೊಂಡವರು. ಶೇ. 43ರಷ್ಟು ಮಂದಿ 30 ವರ್ಷದೊಳಗಿನವರು.

ಎದುರು ಕಡೆ ಗೆದ್ದವರು ಯಾರು? ಅದೇ ವರ್ಷ ಸಂಸ್ಥೆಯ ಸ್ವಂತ ಹಣದಿಂದ ವ್ಯವಹರಿಸುವ ಪ್ರೊಪ್ರೈಟರಿ ಟ್ರೇಡರ್‌ಗಳು ಖರ್ಚು ಕಳೆಯುವ ಮೊದಲು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಗಳಿಸಿದರು. ಆ ಲಾಭದ ಬಹುಪಾಲು ಆಲ್ಗೋ ಟ್ರೇಡಿಂಗ್‌ನಿಂದ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ತಾನೇ ಹಾಕುವ ಆರ್ಡರ್‌ಗಳಿಂದ ಬಂದದ್ದು. ಇವರಿಗೆ ಮಾರ್ಜಿನ್ ಕಟ್ಟುವ ಬಂಡವಾಳ ಇದೆ, ಪ್ರತಿ ಸ್ಟ್ರೈಕ್‌ನ ಬೆಲೆ ಎಷ್ಟಿರಬೇಕು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಯಂತ್ರವೂ ಇದೆ. ಮೊಬೈಲಿನಲ್ಲಿ ಚಾರ್ಟ್ ನೋಡಿ ಕಾಲ್ ಕೊಳ್ಳುವ ಹುಡುಗನ ಎದುರು ಕೂತಿರುವುದು ಇಂಥವರು. ಈ ಮಾತನ್ನು ಆಪ್ಷನ್ ಕಲಿಸುತ್ತೇವೆ ಎನ್ನುವ ಕೋರ್ಸ್‌ಗಳು ಮೊದಲ ಪಾಠದಲ್ಲೇ ಹೇಳಬೇಕಿತ್ತು.

ಜೇನ್ ಸ್ಟ್ರೀಟ್ ಪ್ರಕರಣದ ಒಳಗೆ

ಆಪ್ಷನ್ ಪೇಟೆ ಷೇರುಪೇಟೆಗಿಂತ ಎಷ್ಟೋ ಪಟ್ಟು ದೊಡ್ಡದಾದರೆ ಏನು ತೊಂದರೆ ಎಂದು ಕೇಳಬಹುದು. ಸೆಬಿಯ ಆರೋಪ ಇದಕ್ಕೆ ಉತ್ತರ ಕೊಡುತ್ತದೆ. 2024ರ ಜನವರಿ 17ರಂದು ಬೆಳಿಗ್ಗೆ ಬ್ಯಾಂಕ್ ನಿಫ್ಟಿ ದೊಡ್ಡ ಇಳಿಕೆಯೊಂದಿಗೆ ತೆರೆಯಿತು. ಅದು ವಾರದ ಎಕ್ಸ್‌ಪೈರಿ ದಿನ. ಸೆಬಿ ಹೇಳುವಂತೆ ಜೇನ್ ಸ್ಟ್ರೀಟ್ ಬೆಳಗಿನ ಹೊತ್ತು ಸುಮಾರು 4,370 ಕೋಟಿ ರೂಪಾಯಿಯ ಬ್ಯಾಂಕ್ ಷೇರು ಮತ್ತು ಫ್ಯೂಚರ್ಸ್ ಕೊಂಡಿತು. ಸೂಚ್ಯಂಕಕ್ಕೆ ಬಲ ಬಂತು. ಅದೇ ಹೊತ್ತಿಗೆ ಆಪ್ಷನ್‌ಗಳಲ್ಲಿ, ಸೂಚ್ಯಂಕ ಇಳಿದರೆ ಲಾಭ ಬರುವಂತೆ, ಸುಮಾರು 32,115 ಕೋಟಿಗೆ ಸಮನಾದ ಪೊಸಿಷನ್ (ಇನ್ನೂ ಮುಗಿಸದ ಒಪ್ಪಂದಗಳು) ಕಟ್ಟಿಕೊಂಡಿತು. ಆಮೇಲೆ ಬೆಳಿಗ್ಗೆ ಕೊಂಡ ಷೇರುಗಳನ್ನು ಮಾರಿತು, ಸೂಚ್ಯಂಕ ಇಳಿಯಿತು. ಷೇರುಗಳಲ್ಲಿ ಸುಮಾರು 62 ಕೋಟಿ ನಷ್ಟ, ಆಪ್ಷನ್‌ಗಳಲ್ಲಿ ಸುಮಾರು 735 ಕೋಟಿ ಲಾಭ.

ಇಲ್ಲಿ ಕಾರಣ-ಪರಿಣಾಮ ನೋಡಿ. ಷೇರುಪೇಟೆ ಚಿಕ್ಕದು, ಅಲ್ಲಿ ಬೆಲೆ ಅಲುಗಾಡಿಸಲು ಕಡಿಮೆ ಹಣ ಸಾಕು. ಆ ಬೆಲೆಗೆ ಕಟ್ಟಿದ ಆಪ್ಷನ್ ಪೇಟೆ ದೊಡ್ಡದು, ಅಲ್ಲಿ ಸಿಗುವ ಲಾಭ ಎಷ್ಟೋ ಪಟ್ಟು. ಆಪ್ಷನ್ ಬೇಕಾದಷ್ಟು ಹುಟ್ಟಬಹುದು ಎಂಬುದೇ ಈ ಆಟಕ್ಕೆ ಜಾಗ ಕೊಡುತ್ತದೆ. ಜೇನ್ ಸ್ಟ್ರೀಟ್ ಆರೋಪ ಒಪ್ಪಿಲ್ಲ. ಷೇರು ಮತ್ತು ಆಪ್ಷನ್ ಬೆಲೆಗಳ ನಡುವಿನ ಅಂತರವನ್ನು ಬಳಸಿಕೊಳ್ಳುವ ಮಾಮೂಲಿ ಆರ್ಬಿಟ್ರೇಜ್ ತಾನು ಮಾಡಿದ್ದು ಎಂಬುದು ಅದರ ವಾದ. ಹಣ ಕಟ್ಟಿ, ಷೇರು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿದೆ. ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ ಎಂಬುದನ್ನೂ ನೆನಪಿಡಬೇಕು.

ಹುಟ್ಟನ್ನೇ ದುಬಾರಿ ಮಾಡುವ ನಿಯಮಗಳು

ಇಷ್ಟೇ ಆಪ್ಷನ್ ಹುಟ್ಟಬೇಕು ಎಂದು ಕೋಟಾ ಹಾಕುವುದು ಈ ಪೇಟೆಯ ಗುಣಕ್ಕೆ ಹೊಂದುವುದಿಲ್ಲ. ಷೇರು ಆಪ್ಷನ್‌ಗಳಲ್ಲಿ ಒಟ್ಟು ಪೊಸಿಷನ್‌ಗೆ ಒಂದು ಮಿತಿ ಇದೆ, ಅದರ ಶೇ. 95 ದಾಟಿದರೆ ಆ ಷೇರು ‘ಬ್ಯಾನ್’ ಪಟ್ಟಿಗೆ ಹೋಗುತ್ತದೆ, ಅಂದರೆ ಪೊಸಿಷನ್ ಹೆಚ್ಚಿಸಿಕೊಳ್ಳುವ ಹಾಗಿಲ್ಲ. ಸೂಚ್ಯಂಕಗಳಿಗೆ ಅಂಥ ಬ್ಯಾನ್ ಇಲ್ಲ. ಹಾಗಾಗಿ ಸೆಬಿ ಬೇರೆ ದಾರಿ ಹಿಡಿಯಿತು. 2024ರ ಅಕ್ಟೋಬರ್ 1ರ ಸುತ್ತೋಲೆಯ ಒಂದೊಂದು ಅಂಶವೂ ಒಪ್ಪಂದ ಹುಟ್ಟುವ ಯಾವುದೋ ಒಂದು ಹಂತಕ್ಕೆ ಕೈ ಹಾಕುತ್ತದೆ.

ನಮೂನೆಯ ಹಂತದಲ್ಲಿ, ಸೂಚ್ಯಂಕ ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿದರು. ಮೊದಲು 5ರಿಂದ 10 ಲಕ್ಷ ಇತ್ತು. ನಿಫ್ಟಿಯ ಲಾಟ್ 25ರಿಂದ 75 ಆಯಿತು, ಸೂಚ್ಯಂಕ ಏರಿದ ಮೇಲೆ 2026ರ ಸರಣಿಗಳಿಂದ 65ಕ್ಕೆ ಇಳಿಯಿತು. ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದರು. ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ಹಾಗೆ ನಿಂತುಹೋಯಿತು. 2025ರ ಸೆಪ್ಟೆಂಬರ್‌ನಿಂದ ಎನ್‌ಎಸ್‌ಇಯ ಎಕ್ಸ್‌ಪೈರಿ ಮಂಗಳವಾರ, ಇನ್ನೊಂದು ಎಕ್ಸ್‌ಚೇಂಜ್ ಬಿಎಸ್‌ಇಯದು ಗುರುವಾರ.

ಕೊಳ್ಳುವವರಿಂದ ಪ್ರೀಮಿಯಂ ಪೂರ್ತಿ ಮೊದಲೇ ತೆಗೆದುಕೊಳ್ಳಬೇಕು ಎಂದರು. ಎಕ್ಸ್‌ಪೈರಿ ದಿನ ಬರೆದವರಿಗೆ ಶೇ. 2ರಷ್ಟು ಹೆಚ್ಚುವರಿ ಮಾರ್ಜಿನ್ ಹಾಕಿದರು. ತೆರಿಗೆಯೂ ಜೊತೆಗೂಡಿತು. ಆಪ್ಷನ್ ಮಾರುವಾಗ ಪ್ರೀಮಿಯಂ ಮೇಲೆ ಬೀಳುವ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) 2024ರ ಅಕ್ಟೋಬರ್‌ನಲ್ಲಿ ಶೇ. 0.0625ರಿಂದ 0.1ಕ್ಕೆ ಏರಿತು, 2026ರ ಬಜೆಟ್ ಅದನ್ನು 0.15ಕ್ಕೆ ಏರಿಸಿತು.

ವಾದ ಎರಡು ಕಡೆಯದು

ಇದನ್ನು ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಕೊಳ್ಳುವವರು, ಬರೆಯುವವರು ಇಬ್ಬರೂ ಹೇರಳವಾಗಿದ್ದರೆ ಬೆಲೆಗಳ ಅಂತರ ಕಡಿಮೆ ಇರುತ್ತದೆ. ನಿಜವಾಗಿ ರಕ್ಷಣೆ ಬೇಕಾದವರಿಗೂ ಅದರಿಂದ ಅನುಕೂಲ. ಬರೆಯುವ ಖರ್ಚು ಏರಿದರೆ ಬರೆಯುವವರು ಪ್ರೀಮಿಯಂ ಜಾಸ್ತಿ ಕೇಳುತ್ತಾರೆ, ಕೊನೆಗೆ ಹೊರೆ ಕೊಳ್ಳುವವರ ಮೇಲೇ ಬೀಳುತ್ತದೆ. ಕಾನೂನಿನ ದಾರಿ ಇಕ್ಕಟ್ಟಾದರೆ ಜನ ಡಬ್ಬಾ ಕಡೆ ಹೋಗುತ್ತಾರೆ ಎಂಬುದೂ ಸುಳ್ಳಲ್ಲ. ಎಕ್ಸ್‌ಚೇಂಜ್‌ಗಳ, ಬ್ರೋಕರ್‌ಗಳ ಆದಾಯದ ಪ್ರಶ್ನೆಯೂ ಇದೆ. ಜೆರೋಧಾ, ಗ್ರೋ ಎರಡೂ ಬೆಂಗಳೂರಿನಿಂದಲೇ ನಡೆಯುವ ಕಂಪನಿಗಳು, ಆಪ್ಷನ್ ವಹಿವಾಟು ಕುಗ್ಗಿದರೆ ಅದರ ಬಿಸಿ ಇಲ್ಲಿನ ಕಚೇರಿಗಳಿಗೂ ತಟ್ಟುತ್ತದೆ.

ಸೆಬಿಯ ವಾದ ಇಷ್ಟು: ಒಂದು ದಿನ ಬದುಕುವ ಒಪ್ಪಂದಗಳಿಂದ ಕಂಪನಿಗಳಿಗೆ ಬಂಡವಾಳ ಬರುವುದಿಲ್ಲ, ಮನೆಮಂದಿಯ ಉಳಿತಾಯ ಮಾತ್ರ ಕರಗುತ್ತದೆ. ನನ್ನ ಮಟ್ಟಿಗೆ ಈ ವಾದವೇ ತೂಕದ್ದು. ಪೇಟೆ ಆಳವಾಗಿರಬೇಕು ಎಂಬುದು ಸರಿ, ಆದರೆ ಐದು ಲಕ್ಷದೊಳಗಿನ ಆದಾಯದವರ ದುಡ್ಡಿನಿಂದ ಅದನ್ನು ಆಳ ಮಾಡುವುದಕ್ಕೆ ಸಮರ್ಥನೆ ಇಲ್ಲ.

ಮುಂದೆ ಏನಾಗಬಹುದು

ನಿಯಮ ಬಿಗಿಯಾದ ಮೇಲೆ ವೈಯಕ್ತಿಕ ಟ್ರೇಡರ್‌ಗಳ ಸಂಖ್ಯೆ ಇಳಿದದ್ದು ನಿಜ. ಆದರೆ ಸೆಬಿ 2025ರ ಜುಲೈನಲ್ಲಿ ಕೊಟ್ಟ ಲೆಕ್ಕದಂತೆ 2024-25ರಲ್ಲೂ ನೂರಕ್ಕೆ 91 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1,05,603 ಕೋಟಿ. ಆ ಹಣಕಾಸು ವರ್ಷದ ಮೊದಲ ಏಳೆಂಟು ತಿಂಗಳು ಹಳೆಯ ನಿಯಮವೇ ಇತ್ತು ಎಂಬುದನ್ನು ಗಮನಿಸಬೇಕು. ಲಾಟ್ ದೊಡ್ಡದಾದರೆ ಕೆಲವರು ಬಿಟ್ಟು ಹೋಗುತ್ತಾರೆ, ಬಿಡದೆ ಉಳಿದವರು ಒಂದೊಂದು ತಪ್ಪಿಗೂ ಮೊದಲಿಗಿಂತ ಜಾಸ್ತಿ ಕಳೆದುಕೊಳ್ಳುತ್ತಾರೆ. ಎರಡೂ ಪರಿಣಾಮ ಒಟ್ಟಿಗೇ ನಡೆಯುತ್ತವೆ.

ವಾರದ ಆಪ್ಷನ್‌ಗಳಿಂದ ಬೇಸತ್ತ ಸಣ್ಣ ಟ್ರೇಡರ್‌ಗಳು ಷೇರು ಆಪ್ಷನ್‌ಗಳ ಕಡೆ ಹೊರಳುವ ಸಾಧ್ಯತೆಯೂ ಇದೆ. ಅಲ್ಲಿ ಇನ್ನೊಂದು ಅಪಾಯ ಕಾದಿದೆ. ಸೂಚ್ಯಂಕ ಆಪ್ಷನ್ ಹಣದಲ್ಲಿ ಇತ್ಯರ್ಥವಾಗುತ್ತದೆ. ಷೇರು ಆಪ್ಷನ್ 2019ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಷೇರಿನಲ್ಲೇ ಇತ್ಯರ್ಥವಾಗುತ್ತದೆ. 12,000 ಕೊಟ್ಟು 1,500ರ ಇನ್ಫೋಸಿಸ್ ಕಾಲ್ ಕೊಂಡವರು ಎಕ್ಸ್‌ಪೈರಿವರೆಗೆ ಹಿಡಿದುಕೊಂಡು, ಷೇರು 1,520ರಲ್ಲಿ ನಿಂತರೆ, ಆರು ಲಕ್ಷ ಕೊಟ್ಟು 400 ಷೇರು ತೆಗೆದುಕೊಳ್ಳಬೇಕು. ಕಾಲ್ ಬರೆದವರು 400 ಷೇರು ತಂದು ಕೊಡಬೇಕು, ತರದಿದ್ದರೆ ಹರಾಜಿನಲ್ಲಿ ಬಿದ್ದ ಬೆಲೆಯನ್ನು ಭರಿಸಬೇಕು. ಅದಕ್ಕಾಗಿ ಕೊನೆಯ ವಾರ ಕೊಂಡವರಿಂದಲೂ ಹಂತಹಂತವಾಗಿ ಮಾರ್ಜಿನ್ ಕೇಳಲು ಶುರು ಮಾಡುತ್ತಾರೆ. ಷೇರು ತೆಗೆದುಕೊಳ್ಳುವ ಹಣ ಇಲ್ಲದವರು ಎಕ್ಸ್‌ಪೈರಿಗೆ ಮೊದಲೇ ಹೊರಬರಬೇಕು. ಆದರೆ ದೂರದ ಸ್ಟ್ರೈಕ್‌ಗಳಲ್ಲಿ ಎದುರು ಕೊಳ್ಳುವವರು ತೀರಾ ಕಡಿಮೆ ಇರಬಹುದು, ಆಗ ಅವರು ಕೇಳಿದ ಬೆಲೆಗೆ ಮಾರಬೇಕಾಗುತ್ತದೆ.